ಸಹಾಯ ಬೇಕು: ಐಷಾರಾಮಿ ಫರ್ನಿಶ್ಡ್ ಫ್ಲ್ಯಾಟ್ ಕರಾರಿಗೆ ಸರಿಯಾದ ಒಕ್ಕಣೆ

ಎಲ್ಲರಿಗೂ ನಮಸ್ಕಾರ. ಮಾರ್ಬಲ್ ನೆಲ, ಲೆದರ್ ಸೋಫಾ, ವೆನೀರ್ (ತೆಳು ಮರದ ಹೊದಿಕೆಯ) ವಾರ್ಡ್‌ರೋಬ್, ವಿಆರ್‌ಎಫ್ ಏಸಿ (ಹಲವು ಕೋಣೆಗಳಿಗೆ ಒಂದೇ ಹೊರಯಂತ್ರವಿರುವ ಬಗೆ) ಇರುವ ಫ್ಲ್ಯಾಟ್ ಬಾಡಿಗೆಗೆ ಪಡೆಯಲು ಮಾತುಕತೆ ನಡೆದಿದೆ. ಮಾಲೀಕರು ಕೊಟ್ಟ ಪಟ್ಟಿಯಲ್ಲಿ ‘ಸೋಫಾ 1, ಊಟದ ಮೇಜು 1’ ಎಂದಷ್ಟೇ ಇದೆ. ಇದು ಏನೇನೂ ಸಾಲದು. ಬ್ರ್ಯಾಂಡ್, ಸೀರಿಯಲ್ ನಂಬರ್, ಖರೀದಿಸಿದ ವರ್ಷ, ಈಗಾಗಲೇ ಇರುವ ಗೀರು-ಕಲೆ, ಹತ್ತಿರದಿಂದ ತೆಗೆದ ಫೋಟೊ ಸೇರಿಸಿ, ಪ್ರತಿ ಪುಟಕ್ಕೂ ಇಬ್ಬರ ಸಹಿ ಬೇಕೆಂದು ಕೇಳಿದ್ದೇವೆ. ಅದಕ್ಕೆ ಒಪ್ಪಿದ್ದಾರೆ.

ನಿಜವಾದ ತೊಡಕು ಮಾರ್ಬಲ್‌ನದು. ಅದು ಕ್ಯಾಲ್ಸಿಯಂ ಕಾರ್ಬೊನೇಟ್; ನಿಂಬೆರಸ, ವಿನೆಗರ್, ಆಮ್ಲೀಯ ಟಾಯ್ಲೆಟ್ ಕ್ಲೀನರ್ ಬಿದ್ದರೆ ಹೊಳಪೇ ಕರಗಿಹೋಗುತ್ತದೆ. ಅದು ಕಲೆಯಲ್ಲ, ಒರೆಸಿದರೆ ಹೋಗದು, ಮತ್ತೆ ಪಾಲಿಶ್ ಮಾಡಿಸಲೇಬೇಕು. ಒಂದು ಚಪ್ಪಡಿಗೆ ಮಾತ್ರ ಮಾಡಿಸಿದರೆ ಪಕ್ಕದವುಗಳಿಗಿಂತ ಬೇರೆಯಾಗಿ ಕಾಣಬಹುದು. ಹೀಗಾಗಿ ಒಂದು ಮಂಕು ಗುರುತಿಗೆ ಇಡೀ ಹಾಲ್‌ನ ಪಾಲಿಶ್ ಖರ್ಚನ್ನು ಠೇವಣಿಯಿಂದ ಮುರಿದುಕೊಳ್ಳುವ ಅಪಾಯವಿದೆ. ಬಾಡಿಗೆದಾರರ ಹೊಣೆಯನ್ನು ಹಾಳಾದ ಭಾಗಕ್ಕಷ್ಟೇ ಮಿತಿಗೊಳಿಸುವ ಒಕ್ಕಣೆ ಯಾರ ಬಳಿಯಾದರೂ ಇದೆಯೇ?

ಬಿಸಿಲು ಬೀಳುವ ಕಿಟಕಿಯ ಪಕ್ಕ ಲೆದರ್ ಬಣ್ಣಗೆಟ್ಟು ಬಿರುಕು ಬಿಡುವುದು ಸಹಜ ಸವೆತ ಎಂದು ಹೆಸರಿಸಿಯೇ ಬರೆಸಬೇಕೆಂದಿದ್ದೇವೆ. ಹಳೆಯ ಸೋಫಾಗೆ ಹೊಸದರ ಬೆಲೆ ವಸೂಲಾಗದಂತೆ ವರ್ಷವಾರು ಸವಕಳಿ ಹೇಗೆ ಲೆಕ್ಕ ಹಾಕಿದ್ದೀರಿ?

ಇನ್ನು ಏಸಿ. ವಿಆರ್‌ಎಫ್‌ನಲ್ಲಿ ಹಲವು ಒಳಯಂತ್ರಗಳು ಒಂದೇ ಹೊರಯಂತ್ರಕ್ಕೆ ಸೇರಿರುತ್ತವೆ. ಪೈಪಿನಲ್ಲಿ ಗ್ಯಾಸ್ ಸೋರಿದರೆ ಎಲ್ಲ ಕೋಣೆಗಳಿಗೂ ತೊಂದರೆ. ಫಿಲ್ಟರ್ ಶುಚಿ ನಮ್ಮದು. ಗ್ಯಾಸ್, ಕಂಪ್ರೆಸರ್, ಸರ್ಕ್ಯೂಟ್ ಬೋರ್ಡ್ ಮಾಲೀಕರದು ಎಂಬ ಹಂಚಿಕೆ ನ್ಯಾಯವೆನಿಸುತ್ತದೆ. ಇಂಥ ಷರತ್ತಿರುವ ಕರಾರಿನ ಮಾದರಿ ಇದ್ದರೆ, ಹೆಸರು-ವಿಳಾಸ ಅಳಿಸಿ, ದಯವಿಟ್ಟು ಹಂಚಿಕೊಳ್ಳಿ. ಸಹಿಗೆ ಮುಂಚೆ ಬೇಕಿದೆ.