ಪದಚರ್ಚೆ: ಭುಜದ ‘ನರ’ಕ್ಕೆ ಸರಿಯಾದ ಮಾತು ಯಾವುದು?

ಬಳಗದವರಿಗೆ ನಮಸ್ಕಾರ.

ಕೊಡಗಿನ ಸಿದ್ದಾಪುರ ಸುತ್ತಿನ ಕಾಫಿ ತೋಟಗಳ ಲೈನ್ ಮನೆಗಳವರಿಗಾಗಿ (ಕಾರ್ಮಿಕರ ಸಾಲುಮನೆಗಳು) ಭುಜನೋವಿನ ಬಗ್ಗೆ ಒಂದು ಪುಟದ ಕರಪತ್ರ ಬರೆಯುತ್ತಿದ್ದೇನೆ. ಎರಡು ಪದಗಳು ಕೈ ಹಿಡಿದು ನಿಲ್ಲಿಸಿವೆ: ಒಂದು ಟೆಂಡನ್, ಅಂದರೆ ಮಾಂಸಖಂಡವನ್ನು ಮೂಳೆಗೆ ಕಟ್ಟುವ ಹುರಿ; ಇನ್ನೊಂದು ಮೆಟಬಾಲಿಸಂ, ಅಂದರೆ ಉಂಡದ್ದನ್ನು ದೇಹ ಬಳಸಿಕೊಳ್ಳುವ ಬಗೆ.

ಏಣಿಯ ಮೇಲೆ ನಿಂತು ಕಾಳುಮೆಣಸು ಕೊಯ್ಯುವವರು, ಮರದ ಕೊಂಬೆ ಸವರಿ ಕಪಾತು ಮಾಡುವವರು ದಿನವಿಡೀ ಕೈ ಎತ್ತಿಯೇ ದುಡಿಯುತ್ತಾರೆ. ಭುಜ ನೋಯತೊಡಗಿದರೆ ಎಲ್ಲರದೂ ಒಂದೇ ಮಾತು, “ನರ ಎಳೆದಿದೆ.” ಆಡುಮಾತಿನಲ್ಲಿ ನರ ಎಂದರೆ ಮಿದುಳಿನ ಸುದ್ದಿ ಒಯ್ಯುವ ನರವೂ ಹೌದು, ಮುಂಗೈ ಮೇಲೆ ಉಬ್ಬಿದ ರಕ್ತನಾಳವೂ ಹೌದು, ಹಿಮ್ಮಡಿಯ ಮೇಲಿನ ಗಟ್ಟಿ ಹುರಿಯೂ ಹೌದು. ಹೀಗಾಗಿ ನರಕ್ಕೆ ಶಕ್ತಿ ಬರಲೆಂದು ವಿಟಮಿನ್ ಸೂಜಿ ಹಾಕಿಸಿಕೊಳ್ಳುತ್ತಾ ವರ್ಷ ಕಳೆದವರನ್ನು ಕಂಡಿದ್ದೇನೆ. ಅವರಲ್ಲೊಬ್ಬ ಅಕ್ಕನ ಶುಗರ್ ನೋಡಿಸಿದ್ದು, ಮಗಳ ಜಡೆ ಹೆಣೆಯಲೂ ಕೈ ಏಳದಾದ ಮೇಲೆ. 300ರ ಹತ್ತಿರ ಇತ್ತು.

ಶಾಲೆಯ ಪುಸ್ತಕದಲ್ಲಿ ಟೆಂಡನ್‌ಗೆ ಸ್ನಾಯುರಜ್ಜು ಎಂದಿದೆ. ಸುಶ್ರುತ ಸಂಹಿತೆಯ ಲೆಕ್ಕದಲ್ಲಿ ದೇಹಕ್ಕೆ 500 ಪೇಶಿ, 900 ಸ್ನಾಯು, 16 ಕಂಡರ. ಅಲ್ಲಿ ಮಾಂಸಖಂಡವೆಂದರೆ ಪೇಶಿ. ಸ್ನಾಯು ಕಟ್ಟಿ ಹಿಡಿಯುವಂಥದ್ದು. ನಾವು ಸ್ನಾಯುವನ್ನೇ ಮಾಂಸಖಂಡ ಮಾಡಿಕೊಂಡು, ಕಟ್ಟಲು ಮತ್ತೊಂದು ರಜ್ಜು ಹೊಸೆದಿದ್ದೇವೆ. ಟೆಂಡನ್ನಿಗೆ ಹೊಂದುವ ಕಂಡರ ನನಗೆ ಇಷ್ಟದ ಪದ. ಆದರೆ ಲೈನ್ ಮನೆಯ ಜಗಲಿಯಲ್ಲಿ ಅದು ನಡೆಯುವುದಿಲ್ಲ.

‘ಉರಿಯೂತ’ವನ್ನೂ ಕೈಬಿಟ್ಟೆ. ಬಹುಕಾಲದ ಟೆಂಡನ್ ನೋವಿನಲ್ಲಿ ಉರಿಯೂ ಊತವೂ ಮುಖ್ಯವಲ್ಲ, ನಾರುಗಳ ಹೆಣಿಗೆಯೇ ಕೆಟ್ಟಿರುತ್ತದೆ ಎಂದು ತಿಳಿದ ಮೇಲೆ ವೈದ್ಯರೇ ಟೆಂಡಿನೈಟಿಸ್ (ಟೆಂಡನ್ ಉರಿಯೂತ) ಬಿಟ್ಟು ಟೆಂಡಿನೋಪತಿ (ಟೆಂಡನ್ ತೊಂದರೆ) ಎನ್ನತೊಡಗಿದರು. ‘ಸವೆತ’ ಎಂದರೂ ಕಷ್ಟ. ಸವೆದದ್ದನ್ನು ಬಳಸಬಾರದು ಎಂದು ಜನ ಕೈಯನ್ನು ಮಡಚಿಟ್ಟುಬಿಡುತ್ತಾರೆ; ಈ ನಾರು ಗಟ್ಟಿಯಾಗುವುದೇ ಹದವಾಗಿ ಭಾರ ಹೊರಿಸುತ್ತಾ ಬಂದಾಗ.

ಇನ್ನು ಮೆಟಬಾಲಿಸಂ. ಚಯ ಎಂದರೆ ಕೂಡುವುದು, ಅಪಚಯ ಎಂದರೆ ಕಳೆಯುವುದು, ಎರಡೂ ಸೇರಿ ಚಯಾಪಚಯ. ಪದ ಕಟ್ಟಿದವರಿಗೆ ಕೈಮುಗಿಯಬೇಕು. ಆದರೂ ‘ಚಯಾಪಚಯ ಆರೋಗ್ಯ ಮತ್ತು ಸ್ನಾಯುರಜ್ಜು ನೋವು’ ಎಂದು ತಲೆಬರಹ ಕೊಟ್ಟರೆ ಓದುವವರು ಯಾರು? ನಮ್ಮಲ್ಲಿ ಒಂದು ಮಾತಿದೆಯಲ್ಲ, “ಉಂಡದ್ದು ಮೈಗೆ ಹತ್ತಲಿಲ್ಲ.” ನನಗೆ ಬೇಕಾದದ್ದು ಅದರಲ್ಲೇ ಇದೆ. ರಕ್ತದಲ್ಲಿ ಸಕ್ಕರೆ ಹೆಚ್ಚಾಗಿಯೇ ಉಳಿದರೆ ಅದು ಟೆಂಡನ್ನಿನ ಕೊಲಾಜನ್ ಎಂಬ ಪ್ರೋಟೀನ್ ಎಳೆಗಳಿಗೆ ಹತ್ತುತ್ತದೆ, ಎಳೆ ಎಳೆಗೂ ಅಡ್ಡಗಂಟು ಬೀಳುತ್ತದೆ. ಬೆಲ್ಲದ ಪಾಕ ಅಂಟಿ ಒಣಗಿದ ನೂಲಿನ ಹಾಗೆ ಬಿರುಸಾಗುತ್ತದೆ. ಕೊಲಾಜನ್ ಹೊಸದಾಗುವುದು ಬಲು ನಿಧಾನ, ಆದ್ದರಿಂದ ಹತ್ತಿದ್ದು ಬೇಗ ಬಿಡುವುದಿಲ್ಲ. ಭುಜ ಬಿಗಿದುಕೊಂಡು ಕೈ ಮೇಲೇಳದ ಫ್ರೋಜನ್ ಶೋಲ್ಡರ್ ಸಕ್ಕರೆ ಕಾಯಿಲೆಯವರಲ್ಲಿ ಹೆಚ್ಚು. ಕೊಲೆಸ್ಟರಾಲ್ ಏರಿದವರಿಗೂ ಸೊಂಟದ ಬೊಜ್ಜಿನವರಿಗೂ ಟೆಂಡನ್ ತೊಂದರೆ ಹೆಚ್ಚಾಗಿ ಕಾಣುತ್ತದೆ. ಹಾಗೆಂದು ಭುಜನೋವೆಲ್ಲ ಸಕ್ಕರೆಯದೆಂದು ನಾನು ಬರೆಯುವುದಿಲ್ಲ. ಏಣಿಯ ಮೇಲಿನ ದುಡಿಮೆಯ ಪಾಲು ದೊಡ್ಡದೇ. ಆದರೆ ವಾರಗಟ್ಟಲೆ ಬಿಡದ ನೋವಿಗೆ ಒಮ್ಮೆ ಶುಗರ್ ನೋಡಿಸಿ ಎಂಬ ಸಾಲು ಇರಲೇಬೇಕು.

ಇದನ್ನೇ ಬಾಯಿಮಾತಲ್ಲಿ ಹೇಳುತ್ತಿದ್ದಾಗ ಆ ಅಕ್ಕ ಅಂದಳು, “ಮಾಂಸಾನ ಮೂಳೆಗೆ ಕಟ್ಟೋ ನಾರಲ್ವಾ ಅದು?” ಅಂದಿನಿಂದ ಕರಡಿನಲ್ಲಿ ‘ಭುಜದ ಕಟ್ಟುನಾರು’ ಎಂದೇ ಬರೆದುಕೊಂಡಿದ್ದೇನೆ. ಬೆನ್ನುಹುರಿ ಇರುವಂತೆ ‘ಭುಜಹುರಿ’ ಎನ್ನಬಹುದಿತ್ತು. ಆದರೆ ಬೆನ್ನುಹುರಿ ನರಮಂಡಲದ್ದು, ಮತ್ತೆ ಅದೇ ಗೊಂದಲ.

ನನ್ನ ಪ್ರಶ್ನೆ ಇಷ್ಟು. ಕಟ್ಟುನಾರು ಎಂದರೆ ನಿಮ್ಮ ಕಡೆ ಬೇರೆ ಅರ್ಥ ಬರುತ್ತದೆಯೇ? ಹಂದಿ, ಕುರಿ ಕೊಯ್ಯುವಾಗ ಮೂಳೆಯ ಬಳಿ ಕತ್ತಿಗೆ ಸಿಗುವ ಬಿಳಿಯ ಗಟ್ಟಿ ಪಟ್ಟಿಯನ್ನು ಕೊಡವ ತಕ್ಕಿನಲ್ಲಿ, ಅರೆಭಾಷೆಯಲ್ಲಿ, ಯರವರ ಮಾತಿನಲ್ಲಿ ಏನೆನ್ನುತ್ತೀರಿ? ನರ ಎಂಬುದನ್ನು ಬಿಟ್ಟು ಬೇರೆ ಪದವಿದ್ದರೆ, ಅದನ್ನು ಆಡುವ ಊರಿನ ಹೆಸರಿನೊಂದಿಗೆ ಬರೆಯಿರಿ. ಮೆಣಸಿನ ಕೊಯ್ಲು ಶುರುವಾಗುವ ಮೊದಲು ಕರಪತ್ರ ಮನೆಮನೆಗೆ ಮುಟ್ಟಬೇಕು.