ಅಪ್‌ಡೇಟ್: ಹಾಲಿಡೇ ಬಾರ್ಬಿಗಳಿಗೆ ಈಗ ಎಷ್ಟು ಬೆಲೆ?

ಅಮೆರಿಕದಲ್ಲಿದ್ದ ಸೋದರತ್ತೆ ವರ್ಷಕ್ಕೊಂದರಂತೆ ಕಳುಹಿಸಿದ, ಮೈಸೂರಿನ ನಮ್ಮ ಮನೆಯಲ್ಲಿ ಪೆಟ್ಟಿಗೆ ಒಡೆಯದೆ ಉಳಿದಿರುವ ತೊಂಬತ್ತರ ದಶಕದ ಹಾಲಿಡೇ ಬಾರ್ಬಿಗಳನ್ನು (ವರ್ಷವರ್ಷವೂ ಕ್ರಿಸ್‌ಮಸ್ ಹೊತ್ತಿಗೆ ಬರುವ ವಿಶೇಷ ಬಾರ್ಬಿ ಗೊಂಬೆಗಳು) ಈಗ ಮಾರುವುದು ಲಾಭವೇ ಎಂದು ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಮಾರುವವರು ಹೇಳುವ ಬೆಲೆಯನ್ನು ಬದಿಗಿಟ್ಟು, ನಿಜವಾಗಿ ಮಾರಾಟವಾದ ಬೆಲೆಯನ್ನೇ ನೋಡಬೇಕೆಂಬ ಸಲಹೆ ಬಹಳ ಉಪಯುಕ್ತವಾಯಿತು, ಎರಡಕ್ಕೂ ಅಜಗಜಾಂತರವಿದೆ.

1988ರಲ್ಲಿ ಬಂದ ಕೆಂಪು ಗೌನಿನ ಮೊದಲ ಹಾಲಿಡೇ ಬಾರ್ಬಿ ಬೇಡಿಕೆಗೆ ಸಾಲದೆ ಹೋದದ್ದರಿಂದ ಅದರ ಬೆಲೆ ಏರಿತು. ಅದನ್ನು ಕಂಡು ಬಾರ್ಬಿ ತಯಾರಿಸುವ ಮ್ಯಾಟೆಲ್ ಕಂಪನಿ ಮುಂದಿನ ವರ್ಷಗಳಲ್ಲಿ ತಯಾರಿಕೆಯನ್ನು ಹೆಚ್ಚಿಸುತ್ತ ಹೋಯಿತು, ಕೊಂಡವರೂ ನಾಳೆ ಬೆಲೆ ಬಂದೀತೆಂದು ಪೆಟ್ಟಿಗೆ ತೆರೆಯದೆ ಕಾಪಾಡಿದರು. ಆದ್ದರಿಂದ ನಮ್ಮಲ್ಲಿರುವಂಥವು ಇಂದಿಗೂ ಹೇರಳವಾಗಿ ಸಿಗುತ್ತವೆ. ಪೆಟ್ಟಿಗೆಯ ಮೇಲಿನ ಲಿಮಿಟೆಡ್ ಎಡಿಷನ್ ಎಂಬ ಮಾತಿಗಿಂತ ಎಷ್ಟು ಗೊಂಬೆಗಳು ತಯಾರಾದವು ಎಂಬುದೇ ಮುಖ್ಯ; ಎಷ್ಟು ತಯಾರಾದವು ಎಂಬುದರ ಮೇಲೆ ಗೊಂಬೆಗಳನ್ನು ವಿಂಗಡಿಸುವ, ನಂತರ ಬಂದ ಲೇಬಲ್ ಪದ್ಧತಿಯಲ್ಲಿ ಪ್ಲಾಟಿನಂ ಲೇಬಲ್‌ನ ಪ್ರತಿ ಮಾದರಿಯ ಗೊಂಬೆಗಳು 1,000ಕ್ಕಿಂತ ಕಡಿಮೆ ಇರುವುದರಿಂದಲೇ ಸಂಗ್ರಾಹಕರು ಅವನ್ನು ಬಿಡುವುದಿಲ್ಲ.

ನಮ್ಮ ಪೆಟ್ಟಿಗೆಗಳ ಪ್ಲಾಸ್ಟಿಕ್ ಕಿಟಕಿ ಹಳದಿಯಾಗಿದೆ, ಮೂಲೆಗಳು ಜಜ್ಜಿವೆ. ಬೆಲೆ ಅಲ್ಲಿಯೂ ಇಳಿಯುತ್ತದೆ. ಹೀಗಾಗಿ 1991ರ ಹಸಿರು ಮಖಮಲ್ ಗೌನಿನ ಗೊಂಬೆಯನ್ನು ಈ ಬಾರಿ ದಸರೆಯಲ್ಲಿ ಪಟ್ಟದ ಗೊಂಬೆಗಳ ಜೊತೆ ಕೂರಿಸಬೇಕೆಂದು ಅಮ್ಮ ಪ್ರೀತಿಯಿಂದ ಎತ್ತಿಟ್ಟಿದ್ದಾರೆ. ಉಳಿದವನ್ನು ಒಟ್ಟಾಗಿ ಬೆಂಗಳೂರಿನ ಸಂಗ್ರಾಹಕರೊಬ್ಬರಿಗೆ ಕೊಡುವ ಮಾತುಕತೆ ನಡೆದಿದೆ.