ನನ್ನ ಒಬ್ಬನ ಎ.ಸಿ.ಯಿಂದ ಏನಾಗುತ್ತದೆ?

ಪ್ರಶ್ನೆ (ದೇವಸುಗೂರು, ರಾಯಚೂರು):
ನಮ್ಮ ಮಾಳಿಗೆಯ ಮೇಲೆ ನಿಂತರೆ ಶಕ್ತಿನಗರದ ಶಾಖೋತ್ಪನ್ನ ಕೇಂದ್ರದ ಚಿಮಣಿಗಳು ಎದುರಿಗೇ ಕಾಣುತ್ತವೆ. ಈ ಬೇಸಿಗೆಗೆ ಎ.ಸಿ. ತರುವ ಮಾತಾಡುತ್ತಿದ್ದಾಗ ಮಗಳು, "ಅಪ್ಪಾ, ಆ ಹೊಗಿಯಾಗ ನಮ್ದೂ ಐತೇನು?" ಎಂದು ಕೇಳಿದಳು. ಕಲ್ಲಿದ್ದಲಿನಿಂದ ಬರುವ ಒಂದು ಯೂನಿಟ್ ವಿದ್ಯುತ್ತಿಗೆ ಭೂಮಿಯನ್ನು ಬಿಸಿಯಾಗಿಸುವ ಇಂಗಾಲದ ಡೈಆಕ್ಸೈಡ್ ಸುಮಾರು 1 ಕಿಲೋ ಹೊರಬೀಳುತ್ತದೆ, ನಿಜ. ಆದರೆ 1720 ಮೆಗಾವ್ಯಾಟ್ ಸಾಮರ್ಥ್ಯದ ಕೇಂದ್ರದ ಮುಂದೆ ನನ್ನ ಮನೆಯದು ಯಾವ ಲೆಕ್ಕ? ಒಬ್ಬ ವ್ಯಕ್ತಿ ಭಾನುವಾರ ಮೋಜಿಗಾಗಿ ಕಾರು ಓಡಿಸಿದರೆ ಅದರಿಂದ ಹಾನಿಯಾಯಿತೆಂದು ತೋರಿಸಲಾಗದು, ನಮ್ಮ ನಿಜವಾದ ಕರ್ತವ್ಯ ಸರ್ಕಾರಗಳಿಂದ ಕೆಲಸ ಮಾಡಿಸುವುದು ಎಂದು ಅಮೆರಿಕದ ತತ್ತ್ವಶಾಸ್ತ್ರಜ್ಞ ವಾಲ್ಟರ್ ಸಿನ್ನಟ್-ಆರ್ಮ್‌ಸ್ಟ್ರಾಂಗ್ 2005ರಲ್ಲಿ ವಾದಿಸಿದ್ದರು. ಈ ವಾದದಲ್ಲಿ ತಪ್ಪೆಲ್ಲಿದೆ?

ಉತ್ತರ (ಮಾನ್ವಿ):
ಸರ್, ಈ ವಾದವನ್ನು ನಾನು ಪ್ರತಿ ವರ್ಷ ಕಾಲುವೆಯ ದಂಡೆಯ ಮೇಲೆ ಕೇಳುತ್ತೇನೆ. ನಾನು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತ. ಮೇಲ್ಭಾಗದಲ್ಲಿ ಪಂಪ್‌ಸೆಟ್ ಹಚ್ಚಿ ನೀರೆತ್ತುವವರನ್ನು ಕೇಳಿದರೆ, "ನನ್ನ ಒಂದು ಪೈಪಿನಿಂದ ಕಾಲುವೆ ಬತ್ತುತ್ತದೆಯೇ?" ಎನ್ನುತ್ತಾರೆ. ಅವರ ಮಾತು ಸುಳ್ಳಲ್ಲ. ಯಾವ ಒಂದು ಪೈಪೂ ಕಾಲುವೆಯನ್ನು ಬತ್ತಿಸಿಲ್ಲ. ಆದರೂ ಭತ್ತ ತೆನೆ ಕಟ್ಟುವ ಹೊತ್ತಿಗೆ ನಮ್ಮ ತೂಬಿನ ಬಾಯಲ್ಲಿ ಕೆಸರು ಒಣಗಿ ಹೆಂಟೆಯಾಗಿರುತ್ತದೆ. ಯಾರಿಂದ ಎಷ್ಟು ಹಾನಿಯಾಯಿತೆಂದು ಬೊಟ್ಟು ಮಾಡಲಾಗದಿದ್ದರೂ, ಪಾಲಿಗಿಂತ ಹೆಚ್ಚು ಎತ್ತಿದ್ದು ಅನ್ಯಾಯವೇ. ವಾತಾವರಣವೂ ಅಂಥದೇ ಕಾಲುವೆ. ಅದರ ಕೊನೆ ಭಾಗದಲ್ಲಿ ಇನ್ನೂ ಹುಟ್ಟದವರಿದ್ದಾರೆ.

ಉತ್ತರ (ಬಳ್ಳಾರಿ):
ಪಾಲಿನ ಮಾತನ್ನು ಒಪ್ಪುತ್ತೇನೆ. ಆದರೆ ಎಲ್ಲರನ್ನೂ ಒಂದೇ ಕೊಳಗದಲ್ಲಿ ಅಳೆಯಬಾರದು. ಬದುಕಲು ಬೇಕಾದ ಹೊಗೆ ಬೇರೆ, ಭೋಗದ ಹೊಗೆ ಬೇರೆ ಎಂದು ಅಮೆರಿಕದ ಇನ್ನೊಬ್ಬ ತತ್ತ್ವಶಾಸ್ತ್ರಜ್ಞ ಹೆನ್ರಿ ಶ್ಯೂ 1993ರಲ್ಲೇ ವಿಂಗಡಿಸಿದ್ದರು. ನಮ್ಮ ಊರಿನ ಮೇ ತಿಂಗಳಲ್ಲಿ, ತಗಡಿನ ಮನೆಯೊಳಗೆ ಕೂಸಿಗೆ ಬೀಸಣಿಗೆ ಬೀಸುತ್ತ ಕುಳಿತ ಬಾಣಂತಿಗೆ ಕರ್ತವ್ಯದ ಪಾಠ ಹೇಳುವುದು ಕ್ರೌರ್ಯ. ನಿಮ್ಮ ಮನೆಯಲ್ಲಿ ವಯಸ್ಸಾದವರಿದ್ದರೆ ಎ.ಸಿ.ಯೂ ಭೋಗವಲ್ಲ.

ಉತ್ತರ (ಗಂಗಾವತಿ):
ಮಾನ್ವಿಯ ಅಣ್ಣಾವರೇ, ನೀರು ನಿಲ್ಲಿಸಿದ ಗದ್ದೆಯಿಂದ ಭೂಮಿಯನ್ನು ಬಿಸಿಯಾಗಿಸುವ ಮಿಥೇನ್ ಅನಿಲ ಏಳುತ್ತದೆಯಾದ್ದರಿಂದ ವಾತಾವರಣವೆಂಬ ಆ ದೊಡ್ಡ ಕಾಲುವೆಯಲ್ಲಿ ಭತ್ತ ಬೆಳೆಯುವ ನಾವೂ ಮೇಲ್ಭಾಗದವರೇ. ಅದಕ್ಕೇ ನಾನು ಎರಡು ಎಕರೆಯಲ್ಲಿ ನೀರು ನಿಲ್ಲಿಸಿ ಮಾಡುವ ನಾಟಿ ಬಿಟ್ಟು ಕೂರಿಗೆ ಬಿತ್ತನೆ ಮಾಡಿದೆ. ಕಳೆ ವಿಪರೀತ ಬಂತು, ಕೂಲಿ ಹೆಚ್ಚಾಯಿತು. ಆದರೆ ಒಮ್ಮೆಯೂ ನಮ್ಮ ಹೊಲದ ಕಡೆ ಬಾರದಿದ್ದ ಪಕ್ಕದವರು ಬದುವಿನ ಮೇಲೆ ಕುಳಿತು ಬೀಜ, ನೀರು, ಖರ್ಚು ಎಲ್ಲವನ್ನೂ ವಿಚಾರಿಸಿದರು. ಒಬ್ಬನ ಕೆಲಸದ ಈ ಫಲವನ್ನು ಹೊಗೆಯ ಟನ್ನುಗಳ ಲೆಕ್ಕ ಹಿಡಿಯುವುದಿಲ್ಲ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ತಾಯಿಯ ಕೋಣೆಗೆ ಮಾತ್ರ ಎ.ಸಿ. ಹಾಕಿಸಿ, ಉಳಿದಂತೆ ಮಾಳಿಗೆಗೆ ಸುಣ್ಣ ಬಳಿಸುವುದೆಂದು ನಿಶ್ಚಯಿಸಿದ್ದೇವೆ. ಮಗಳಿಗೆ, "ಐತವ್ವಾ, ನಮ್ದೂ ಐತಿ" ಎಂದು ಹೇಳಿದೆ.